ಜೈತೂನಬಿಯ ಎರಡು ರೊಟ್ಟಿ

ಬ್ಯಾಡಗಿಯ ನಮ್ಮ ಓಣಿಯಲ್ಲಿ ಜೈತೂನಬಿಯ ರೊಟ್ಟಿ ತಟ್ಟೆಯಲ್ಲಿ ಹಿಡಿಯುವುದಿಲ್ಲ. ಅಂಚಿನಿಂದ ನಾಲ್ಕು ಬೆರಳು ಹೊರಗೆ ಜೋಲುತ್ತದೆ. ಮೂವತ್ತು ವರ್ಷದಿಂದ ಆಕೆ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಮದುವೆ ಮನೆಯವರು, ಮೆಣಸಿನಕಾಯಿ ಮಾರ್ಕೆಟ್ಟಿನ ಕೆಲಸಕ್ಕೆ ಬಂದು ರೂಮು ಹಿಡಿದಿರುವ ಗುಮಾಸ್ತರು, ನನ್ನಂಥ ಕೂಸಿನ ತಾಯಂದಿರು, ಎಲ್ಲರೂ ಆಕೆಯ ಗಿರಾಕಿಗಳೇ. ನನ್ನ ಎರಡನೆಯ ಬಾಣಂತನದಲ್ಲಿ ತವರಿಗೆ ಹೋಗಲಾಗಲಿಲ್ಲ. ಆಗ ಬಿಸಿ ರೊಟ್ಟಿ ತಂದಿಟ್ಟು, ಕೂಸನ್ನು ಹೆಗಲಿಗೆ ಹಾಕಿಕೊಂಡು ಮಲಗಿಸಿ ಹೋಗುತ್ತಿದ್ದವಳು ಈ ಚಾಚಿಯೇ.

ವಯಸ್ಸು ಐವತ್ಮೂರು. ತೂಕ, ಈ ಕಥೆ ಶುರುವಾದಾಗ, ತೊಂಬತ್ತೊಂದು ಕಿಲೋ. ಬರೆಯಲೋ ಬೇಡವೋ ಎಂದು ಕೇಳಿದ್ದಕ್ಕೆ, "ಬರಿ ಬೇ, ನನ್ನ ಮೈ ನಾ ಕಳವು ಮಾಡಿ ತಂದೇನೇನು?" ಎಂದಳು.

ಕಳೆದ ರಮಜಾನಿನಲ್ಲಿ ಆಕೆಯ ಮೊಣಕಾಲು ಕೈಕೊಟ್ಟವು. ನೆಲಕ್ಕೆ ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ಒಲೆಯನ್ನು ಕಟ್ಟೆಯ ಮೇಲೆ ಏರಿಸಿ ನಿಂತು ರೊಟ್ಟಿ ಬಡಿಯುವುದನ್ನು ಕಲಿತಳು. ಆದರೆ ನಮಾಜನ್ನು ಹಾಗೆ ಏರಿಸಲಾಗುತ್ತದೆಯೇ? ಗಂಡ ಇಸಾಕಸಾಬ ಒಂದು ಪ್ಲಾಸ್ಟಿಕ್ ಕುರ್ಚಿ ತಂದ. ಅದರ ಮೇಲೆ ಕೂತು, ಹಣೆ ನೆಲಕ್ಕಿಡುವ ಸಜ್ದಾ ಬಂದಾಗ ಗಾಳಿಗೆ ಬಾಗಬೇಕು. ಮೈಗೆ ಆಗದಿದ್ದರೆ ಕುರ್ಚಿಯ ಮೇಲೂ ಮಾಡಬಹುದು, ಅಡ್ಡಿಯಿಲ್ಲ ಎಂದು ಮಸೀದಿಯ ಹಿರಿಯರು ಹೇಳಿ ಕಳಿಸಿದ್ದರು.

"ಅಲ್ಲಾಹಗ ನಡೀತೈತಂತ," ಎಂದಳು ಚಾಚಿ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು. "ನನಗ ನಡ್ಯಂಗಿಲ್ಲ. ನನ್ನ ಹಣಿ ನೆಲಕ್ಕ ಮುಟ್ಟಬೇಕು. ಅಷ್ಟ."

ಸರ್ಕಾರಿ ದವಾಖಾನೆಯ ಡಾಕ್ಟರು, ಹತ್ತು ಕಿಲೋ ಇಳಿದರೆ ಮೊಣಕಾಲಿಗೆ ಉಸಿರು ಬರುತ್ತದೆ, ಒಬ್ಬರೇ ಮಾಡಹೋದರೆ ಎಂಟು ದಿನಕ್ಕೆ ಬಿಡುತ್ತೀರಿ, ಯಾವುದಾದರೂ ಗುಂಪು ಸೇರಿಕೊಳ್ಳಿ ಎಂದಿದ್ದರಂತೆ. "ನಿನ್ನ ಮೊಬೈಲಿನ್ಯಾಗ ನೋಡು, ಮಹೇಶ್ವರಿ. ಗುಂಪು ಎಲ್ಲಿ ಸಿಗ್ತೈತಿ?"

ನನಗೂ ಬೇಕಾಗಿತ್ತು. ಅಂಟಿನುಂಡೆ, ತುಪ್ಪ ಎಂದು ಬಾಣಂತನ ನನ್ನ ಮೈಮೇಲೆ ಹದಿನಾಲ್ಕು ಕಿಲೋ ಬಿಟ್ಟು ಹೋಗಿತ್ತು. ಇಬ್ಬರೂ ಹೊರಡುವುದೆಂದು ಕಟ್ಟೆಯ ಮೇಲೆ ಮಾತಾಡುತ್ತಿರುವಾಗ ಎದುರುಮನೆಯ ಗದಿಗೆವ್ವನ ಕಿವಿಗೆ ಬಿತ್ತು. ಗದಿಗೆವ್ವ ಕಡ್ಡಿಯಂಥ ಹೆಂಗಸು, ಸಕ್ಕರೆ ಕಾಯಿಲೆಯವಳು.

"ಈ ವಯಸ್ಸಿನ್ಯಾಗ ಹೀರೋಯಿನ್ ಆಗಾಕಿಯೇನ ಜೈತೂನವ್ವಾ?"

"ಆಗಾಕಿ. ನೀ ಅಷ್ಟರಾಗ ಒಬ್ಬ ಹೀರೋನ ಹುಡುಕಿಟ್ಟಿರು."

ಒಳಗೆ ಇಸಾಕಸಾಬ ಜೋರಾಗಿ ಕೆಮ್ಮಿದ.

ಮೊದಲು ಹಾವೇರಿಗೆ ಹೋದೆವು. ಹೆಂಗಸರಿಗೆಂದೇ ಬೇರೆ ಬ್ಯಾಚು ಇದ್ದ ಜಿಮ್ ಅದು. ಆಧಾರ್ ಕಾರ್ಡು ತೋರಿಸಿ ಬಸ್ಸಿನಲ್ಲಿ ಪುಕ್ಕಟೆ ಹೋದದ್ದೇ ಲಾಭ. ಜಿಮ್ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಚಾಚಿ ಮೆಟ್ಟಿಲ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದಳು. "ಇದನ್ನ ಹತ್ತೂ ಕಾಲಿದ್ರ ನಾ ಯಾಕ ಇಲ್ಲಿಗೆ ಬರ್ತಿದ್ದೆ?" ಎಂದು ಮೇಲೆ ಕೇಳುವಂತೆ ಕೂಗಿ, ತಿರುಗಿ ಬಸ್ ಸ್ಟ್ಯಾಂಡಿನ ಹಾದಿ ಹಿಡಿದಳು.

ಎರಡನೆಯದು ರಾಣೇಬೆನ್ನೂರಿನಲ್ಲಿ, ಒಂದು ಬಟ್ಟೆ ಅಂಗಡಿಯ ಹಿಂದಿನ ಹಾಲ್. ಅಲ್ಲಿ ಮೆಟ್ಟಿಲಿರಲಿಲ್ಲ. ಪ್ರಿಯಾಂಕಾ ಎಂಬ ಮೇಡಮ್ ನಡೆಸುವ ಹನ್ನೆರಡು ವಾರದ ಗುಂಪು. ಇಪ್ಪತ್ತು ಜನ ಹೆಂಗಸರು, ಪ್ರತಿ ಭಾನುವಾರ ತೂಕ. ತೂಕವನ್ನು ಎಲ್ಲರೆದುರು ಓದಬೇಕು, ಇಳಿದವರಿಗೆ ಚಪ್ಪಾಳೆ, ಕೊನೆಗೆ ಗೋಡೆಯ ಮೇಲೆ 'ಮೊದಲು – ಈಗ' ಫೋಟೊ. ಫೋಟೊ ಬೇಡವೆಂದಳು ಚಾಚಿ. ಮೇಡಮ್ ಒಪ್ಪಿದಳು. ಕೈಗೆ ಬಣ್ಣದ ಚಾರ್ಟು ಕೊಟ್ಟಳು. ಐದನೆಯ ಇಯತ್ತೆಯವರೆಗೆ ಕಲಿತ ಚಾಚಿ ಬಸ್ಸಿನಲ್ಲಿ ಅದನ್ನು ಅಕ್ಷರ ಅಕ್ಷರ ಓದಿದಳು: ಮಧ್ಯಾಹ್ನ ಒಂದು ರೊಟ್ಟಿ, ಪಲ್ಯ. ರಾತ್ರಿ ಒಂದು ರೊಟ್ಟಿ, ಬೇಳೆ.

"ಎರಡ? ದಿನಕ್ಕ ನಾಕು ತಿನ್ನೂ ಹೊಟ್ಟಿ ಬೇ ಇದು!" ಎಂದಳು. ಆಮೇಲೆ, "ಇರ್ಲಿ. ಎರಡಂದ್ರ ಎರಡ."

ಮೂರು ವಾರ ಎರಡೇ ತಿಂದಳು. ಮೊಮ್ಮಕ್ಕಳ ತಟ್ಟೆಯಲ್ಲಿ ಉಳಿದ ತುಣುಕನ್ನೂ ಮುಟ್ಟಲಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಚಹಕ್ಕೆ ಸಕ್ಕರೆ ಹಾಕುವುದನ್ನೂ ಬಿಟ್ಟಳು. ಮೂರನೆಯ ಭಾನುವಾರ ನಾನು ಒಂದೂವರೆ ಕಿಲೋ ಇಳಿದಿದ್ದೆ. ಚಾಚಿ ನಾನೂರು ಗ್ರಾಂ ಏರಿದ್ದಳು.

ಪ್ರಿಯಾಂಕಾ ಮೇಡಮ್ ತೂಕ ಓದಿದಳು. ಕೆಟ್ಟ ಹುಡುಗಿಯಲ್ಲ ಅವಳು, ನಗಿಸಲೆಂದೇ ಅಂದಿರಬೇಕು: "ನಮ್ಮ ಆಂಟಿ ಕದ್ದು ತಿಂತಾರ್ರೀ!"

ಇಡೀ ಹಾಲ್ ನಕ್ಕಿತು. ಚಾಚಿ ಚಪ್ಪಲಿ ಮೆಟ್ಟಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಮೋಟೆಬೆನ್ನೂರು ಬಂದಾಗ ನನ್ನ ಕಡೆ ತಿರುಗಿದಳು. ಆಮೇಲೆ ಅಂದಳು, "ಕಳ್ಳಿ ಅಂದ್ಲು ನನಗ. ಮೂವತ್ತು ವರ್ಷ ನೂರು ರೊಟ್ಟಿ ಕೇಳಿದವರಿಗೆ ನೂರಾ ಒಂದು ಕೊಟ್ಟಾಕಿ ನಾ."

"ಬಿಡು ಚಾಚಿ, ಇನ್ನ ಹೋಗೂದ ಬ್ಯಾಡ," ಎಂದೆ.

"ಯಾಕ ಬ್ಯಾಡ? ಮುಂದಿನ ಐತವಾರ ಹೋಗಬೇಕು. ತೋರಸ್ತೇನಿ ಆಕಿಗೆ, ನಾ ಎಷ್ಟ ತಿಂತೇನಂತ."

ಮುಂದಿನ ಭಾನುವಾರ ಆಕೆ ಬಿಳಿ ಬಟ್ಟೆಯ ಗಂಟೊಂದನ್ನು ತಂದಿದ್ದಳು. ತೂಕದ ಯಂತ್ರ ಹತ್ತುವ ಮೊದಲೇ ಮೇಡಮ್ಮಿನ ಮೇಜಿನ ಮೇಲೆ ಅದನ್ನು ಬಿಚ್ಚಿದಳು. ಒಳಗೆ ರೊಟ್ಟಿ. ಮೇಜಿನ ಮೇಲಿದ್ದ ರಿಜಿಸ್ಟರು, ಪೆನ್ನು, ಎಲ್ಲವೂ ಅದರಡಿ ಮುಚ್ಚಿಹೋದವು.

"ನೋಡ್ರಿ ಮೇಡಮ್. ಮಧ್ಯಾಹ್ನ ಇದು ಒಂದ. ರಾತ್ರಿ ಇಂಥಾದ್ದ ಇನ್ನೊಂದು. ಇದರ ಮ್ಯಾಲೆ ಒಂದು ತುಣುಕು ತಿಂದಿದ್ರ ನನ್ನ ಮಕ್ಕಳಾಣಿ."

ಮೇಡಮ್ ರೊಟ್ಟಿಯನ್ನು ನೋಡಿದಳು. ಅದರ ಅಂಚು ಎತ್ತಿ ದಪ್ಪ ನೋಡಿದಳು. "ಆಂಟಿ, ಇದು ಒಂದಾ? ಇದರಾಗ ನಾಲ್ಕು ಅದಾವಲ್ಲ!"

"ಎಣಿಸ್ರಿ. ಒಂದ ಐತಿ."

ನನಗೆ ಆಗಲೇ ಹೊಳೆದದ್ದು. ಇಷ್ಟು ದಿನ ಆ ರೊಟ್ಟಿಯನ್ನು ದಿನಾಲು ನೋಡಿಯೂ ಹೊಳೆದಿರಲಿಲ್ಲ. ಎರಡೇ ತಿನ್ನಬೇಕೆಂದಾಗ ಚಾಚಿ, ಹೊತ್ತಿಗೆ ಒಂದೇ ತಿನ್ನುವುದಿದ್ದರೆ ಅದು ರೊಟ್ಟಿ ಎನ್ನುವಂತಾದರೂ ಇರಲಿ ಎಂದು, ಎರಡು ರೊಟ್ಟಿಯ ಹಿಟ್ಟನ್ನು ಒಂದಕ್ಕೇ ಹಾಕಿ ಬಡಿದಿದ್ದಳು. ಮೋಸವಿಲ್ಲ, ಮುಚ್ಚುಮರೆಯಿಲ್ಲ. ಲೆಕ್ಕ ಎರಡೇ.

ಹಾಲ್ ಮತ್ತೆ ನಕ್ಕಿತು. ಈ ಸಲ ಚಾಚಿಯೂ ತನ್ನ ರೊಟ್ಟಿಯನ್ನೇ ನೋಡುತ್ತ ತುಸು ನಕ್ಕಳು. ಆದರೆ ಕೂರಲಿಲ್ಲ. "ಖರೇ, ದೊಡ್ಡದೈತಿ. ತಪ್ಪು ನಂದ. ಆದರ ನಿಮ್ಮ ಚಾರ್ಟಿನ್ಯಾಗ ಅಗಲ ಎಲ್ಲಿ ಬರದೀರಿ?"

"ನಮ್ಮನ್ಯಾಗೂ ಇಷ್ಟ ಇರ್ತಾವ್ರಿ," ಎಂದಳು ದೇವರಗುಡ್ಡದಿಂದ ಬರುತ್ತಿದ್ದ ರೇಣುಕವ್ವ. ಹಿಂದಿನಿಂದ ಇನ್ನಿಬ್ಬರು ಹೌದೆಂದರು.

ಚಾರ್ಟು ಬೆಂಗಳೂರಿನಿಂದ ಅಚ್ಚಾಗಿ ಬರುತ್ತದೆ, ತಾನು ತಿದ್ದುವ ಹಾಗಿಲ್ಲ ಎಂದಳು ಮೇಡಮ್. ಅದರಲ್ಲಿದ್ದ ರೊಟ್ಟಿ ಅಂಗೈಯಗಲದ ಗೋಧಿ ಫುಲ್ಕ ಎಂದೂ ಒಪ್ಪಿಕೊಂಡಳು. ಪರಿಹಾರವೂ ಅವಳ ಬಳಿ ಇತ್ತು. "ರೊಟ್ಟಿನೇ ಬಿಡ್ರಿ ಆಂಟಿ. ಅದರ ಬದಲಿ ನಾವು ಮಾರೋ ಡಯಟ್ ಪುಡಿ ನೀರಿಗೆ ಹಾಕಿ ಕುಡೀರಿ. ದೊಡ್ಡದು ಸಣ್ಣದು ಅನ್ನೋ ತಕರಾರೇ ಇಲ್ಲ."

"ರೊಟ್ಟಿ ಬಡದು ಮೂರು ಮಕ್ಕಳ ಮದುವಿ ಮಾಡೇನಿ. ಈಗ ನಾ ರೊಟ್ಟಿಗೆ ಬೆನ್ನ ತೋರಿಸಿ ಪುಡಿ ಕುಡೀಲೇನು? ಪುಡಿ ಇರ್ಲಿ. ಮೊದಲ ಆ ಮಾತು ಹಿಂದಕ್ಕ ತಗೋರಿ."

"ಯಾವ ಮಾತು?"

"ಕದ್ದು ತಿಂತಾಳ ಅಂದದ್ದು."

"ಅಯ್ಯೋ, ತಮಾಷೆಗೆ ಅಂದದ್ದು ಆಂಟಿ. ಸಾರಿ."

"ಕೇಳಸಲಿಲ್ಲ. ಅವತ್ತ ಎಷ್ಟು ಜೋರ ಅಂದಿದ್ರಿ, ಅಷ್ಟ ಜೋರ ಅನ್ರಿ."

ಮೇಡಮ್ಮಿನ ಕಿವಿ ಕೆಂಪಾದವು. ಆದರೂ ಇಪ್ಪತ್ತು ಜನರೆದುರು ಗಟ್ಟಿಯಾಗಿ ಹೇಳಿದಳು, "ಆಂಟಿ ಕದ್ದು ತಿಂದಿಲ್ಲ. ನನ್ನದು ತಪ್ಪಾತು." ಅದನ್ನೂ ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ.

"ಹಾಂ. ನಿನ್ನ ಹೊಟ್ಟಿ ತಣ್ಣಗಿರ್ಲಿ ಮಗಳ," ಎಂದು ಚಾಚಿ ಅವಳ ಗಲ್ಲ ಮುಟ್ಟಿದಳು. ಬಾಗಿಲ ಹತ್ತಿರ ಹೋಗಿ ತಿರುಗಿ, "ಆ ರೊಟ್ಟಿ ನಾಕು ಮಂದಿ ಹಂಚಿ ತಿನ್ರಿ. ಲೆಕ್ಕಕ್ಕ ಬರೋಬ್ಬರಿ ಆಗ್ತೈತಿ," ಎಂದಳು. ರೇಣುಕವ್ವ ನಮ್ಮ ಹಿಂದೆಯೇ ಎದ್ದು ಬಂದಳು. ಬಸ್ ಸ್ಟ್ಯಾಂಡಿನಲ್ಲಿ ನನ್ನ ನಂಬರು ತೆಗೆದುಕೊಂಡು ದೇವರಗುಡ್ಡದ ಬಸ್ಸು ಹತ್ತಿದಳು.

ಆ ದಿನ ಸಂಜೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಡೈರಿಯಲ್ಲಿ ಬರೆದೆ: ಗುಂಪು ಬೇಕು, ಅದಂತೂ ಖರೇ. ನಾನು ಒಬ್ಬಳೇ ಇದ್ದಿದ್ದರೆ ಮೊದಲ ವಾರವೇ ಬಿಡುತ್ತಿದ್ದೆ, ಚಾಚಿ ಬಾಗಿಲು ಬಡಿಯುತ್ತಾಳೆಂದೇ ಬಿಟ್ಟಿಲ್ಲ. ಹಾಗಾದರೆ ಚಾಚಿಯ ಕಾಲು ನಡೆದು ಮುಟ್ಟುವಷ್ಟು ದೂರದಲ್ಲಿರುವ, ನಮ್ಮ ಒಲೆ ಗೊತ್ತಿರುವ, ಸೋತವರನ್ನು ನಗೆಗೀಡು ಮಾಡದ ಗುಂಪು ಯಾವುದು? ಹುಡುಕಿ ಸಿಗದಿದ್ದರೆ ಮಾಡಿಕೊಳ್ಳುವುದು.

ದವಾಖಾನೆಗೆ ಮತ್ತೆ ಹೋದೆವು. ಅಲ್ಲಿ ವ್ಯಾಯಾಮ ಹೇಳಿಕೊಡುವ ತಸ್ಲೀಮ್ ಎಂಬ ಹುಡುಗಿ, ಕೂತಲ್ಲೇ ಕಾಲು ಚಾಚಿ ತಡೆದು ಹಿಡಿಯುವುದನ್ನೂ ಗೋಡೆ ಹಿಡಿದು ಅರ್ಧ ಬಾಗುವುದನ್ನೂ ತೋರಿಸಿಕೊಟ್ಟಳು. ಗೋಡೆ ಹಿಡಿದು ಮಾಡುವುದು ನೆಲದಿಂದ ಏಳುವ ಬಲಕ್ಕೆ, ಅದನ್ನು ಹತ್ತು ಕಿಲೋ ಇಳಿದ ಮೇಲಷ್ಟೇ ಶುರುಮಾಡಿ ಎಂದಳು. ದಿನಾ ಸಂಜೆ ನಾಲ್ಕಕ್ಕೆ ಚಾಚಿಯ ಮನೆಯಂಗಳದಲ್ಲಿ ಸೇರಿ ಕಾಲಿನ ವ್ಯಾಯಾಮ ಮಾಡುವುದು, ಸ್ಟೇಷನ್ ರಸ್ತೆಯವರೆಗೆ ನಡೆದು ಬರುವುದು ಎಂದು ನಾವೇ ಗೊತ್ತುಮಾಡಿಕೊಂಡೆವು. ಮೊದಲ ದಿನ ನಾವಿಬ್ಬರೇ. ಮೂರನೆಯ ದಿನ ಗದಿಗೆವ್ವ ಬಂದಳು.

"ನಿನಗ್ಯಾಕ ಬೇ? ನಿನ್ನ ಮೈಯಾಗ ಇಳಸಾಕ ಏನೈತಿ?" ಎಂದಳು ಚಾಚಿ.

"ಸಕ್ರಿ ಇಳಸ್ತೇನಿ. ನೀವಿಬ್ರೂ ನನ್ನ ಬಿಟ್ಟು ಮಾತಾಡಕೋತ ಹೋಗೂದು ನೋಡಾಕ ಆಗಂಗಿಲ್ಲ ನನಗ."

ರೊಟ್ಟಿಯ ಅಗಲಕ್ಕೆ ಜಗಳವಾಯಿತು. ಒಂದು ಗೇಣು ಎಂದೆ ನಾನು. ಯಾರ ಗೇಣು? ಗದಿಗೆವ್ವನದು ಸಣ್ಣದು, ಚಾಚಿಯದು ಮೊರದಂಥ ಕೈ. ಕೊನೆಗೆ ನನ್ನ ಗೇಣನ್ನು ಡೈರಿಯ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಫೋಟೊ ತೆಗೆದು ರೇಣುಕವ್ವನಿಗೂ ಕಳಿಸಿದೆ. ಅವಳು ದಿನಾ ತನ್ನ ರೊಟ್ಟಿಯ ಫೋಟೊ ಹಾಕತೊಡಗಿದಳು. ಚಾಚಿಯ ಕೈ ಮಾತ್ರ ಕೇಳಲಿಲ್ಲ. ಮೂವತ್ತು ವರ್ಷದ ಕೈ. ಹಿಟ್ಟು ಅರ್ಧ ಮಾಡಿದರೂ ಬಡಿದು ಬಡಿದು ಅಷ್ಟೇ ಅಗಲ ಮಾಡುತ್ತಿತ್ತು. ರೊಟ್ಟಿ ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುತ್ತಿತ್ತು.

"ಅಗಲ ಬಿಡಂಗಿಲ್ಲ. ದಪ್ಪ ಬಿಡ್ತೇನಿ," ಎಂದಳು. "ನಿನ್ನ ಗೇಣು ನಿನ್ನ ಹಂತ್ಯಾಕ ಇಟ್ಕೋ."

ಒಪ್ಪಿದೆವು. ಹಿಟ್ಟನ್ನು ಚಹದ ಕಪ್ಪಿನಲ್ಲಿ ಅಳೆದೆವು. ತೂಕ ನೋಡುವುದು ತಿಂಗಳಿಗೊಮ್ಮೆ, ಅವರವರದು ಅವರವರಿಗೆ.

ನೆಟ್ಟಗೆ ಇಳಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಬಕ್ರೀದಿನ ವಾರ ಚಾಚಿ ಏರಿದಳು, ನನ್ನ ನಾದಿನಿಯ ಸೀಮಂತದಲ್ಲಿ ನಾನು ಏರಿದೆ. ಓಣಿಯ ಗಂಡಸರು, "ಮಿಲಿಟರಿ ಹೊಂಟೈತಿ, ದಾರಿ ಬಿಡ್ರಿ" ಎಂದರು. ಚಾಚಿ ಅವರಿಗೆ ಸಲಾಮು ಹೊಡೆದು ಮುಂದೆ ನಡೆದಳು. ಸೊಸೆ ಶಬನಮ್, "ಇಷ್ಟ್ಯಾಕ ಅಮ್ಮಾ, ಕುರ್ಚಿ ಐತಲ್ಲ" ಎಂದರೆ, "ನೀ ಕುಂದ್ರು ಅದರ ಮ್ಯಾಲೆ" ಎನ್ನುತ್ತಿದ್ದಳು. ಏಳು ತಿಂಗಳಾಗುವಾಗ ಎಂಬತ್ತೆರಡಕ್ಕೆ ಬಂದಿದ್ದಳು. ಡಾಕ್ಟರು ಹೇಳಿದ ಹತ್ತು ಕಿಲೋಗೆ ಇನ್ನೂ ಒಂದು ಬಾಕಿ.

"ಒಂದು ಕಿಲೋದ ಸಲುವಾಗಿ ಎಷ್ಟ ದಿನ ಕಾಯ್ಲಿ?" ಎಂದಳು, ಕಳೆದ ಗುರುವಾರ ಸಂಜೆ. ನಡಿಗೆ ಮುಗಿಸಿ ಅಂಗಳದಲ್ಲಿ ಕೂತಿದ್ದೆವು. ಮಸೀದಿಯ ಕೂಗು ಕೇಳಿತು. ಚಾಚಿ ಕೈಕಾಲು ತೊಳೆದು ಒಳಗೆ ಹೋಗಿ ಚಾಪೆ ಹಾಸಿದಳು. ಕುರ್ಚಿಯನ್ನು ಕಾಲಿನಿಂದ ಅತ್ತ ಸರಿಸಿದ ಸದ್ದಾಯಿತು. ನಾನೂ ಗದಿಗೆವ್ವನೂ ಆ ಕಡೆ ತಿರುಗಿದೆವು.

ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ನಿಂತಳು, ಬಾಗಿದಳು. ಮಂಚದ ಕಾಲು ಹಿಡಿದು ಒಂದು ಮೊಣಕಾಲು ಊರಿದಳು. ತಡೆದಳು. ಇನ್ನೊಂದನ್ನು ಊರಿದಳು. ಗದಿಗೆವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಚಾಚಿಯ ಹಣೆ ನಿಧಾನವಾಗಿ ಕೆಳಗೆ, ಇನ್ನೂ ಕೆಳಗೆ ಹೋಗಿ ಚಾಪೆಗೆ ತಾಗಿತು.

ಅಲ್ಲಿಯೇ ಇತ್ತು. ಎಷ್ಟು ಹೊತ್ತೋ ನಾನು ಎಣಿಸಲಿಲ್ಲ.

ಮತ್ತೆ ಎದ್ದು ನಿಲ್ಲಬೇಕಾದಾಗ ಕಾಲು ಬರಲಿಲ್ಲ. ಮಂಚ ಹಿಡಿದು ಎರಡು ಸಲ ಜಗ್ಗಿದಳು, ಆಗಲಿಲ್ಲ. ಉಳಿದ ನಮಾಜನ್ನು ಕೂತಲ್ಲೇ, ಪ್ರತಿ ಸಲವೂ ಹಣೆ ನೆಲಕ್ಕೆ ಮುಟ್ಟಿಸಿ, ಪೂರ್ತಿ ಮಾಡಿದಳು. ಬಲಕ್ಕೆ ಎಡಕ್ಕೆ ಕತ್ತು ತಿರುಗಿಸಿ ಮುಗಿಸಿದ ಮೇಲೆ ಕೂಗಿದಳು:

"ಏ ಮಹೇಶ್ವರಿ! ಗದಿಗೆವ್ವಾ! ಬರ್ರಿ ಲಗೂ, ನಾ ಇಲ್ಲೇ ಉಳದೆ!"

ಓಡಿ ಒಳಗೆ ಹೋದೆವು. ಆಕೆಯ ಹಣೆಯ ಮೇಲೆ ಚಾಪೆಯ ಹೆಣಿಗೆಯ ಅಚ್ಚು ಮೂಡಿತ್ತು. ಕಣ್ಣು ಒದ್ದೆಯಾಗಿದ್ದವು, ಬಾಯಿ ನಗುತ್ತಿತ್ತು. ಒಂದು ತೋಳಿಗೆ ನಾನು, ಇನ್ನೊಂದಕ್ಕೆ ಕಡ್ಡಿ ಗದಿಗೆವ್ವ. ಎತ್ತುವ ಭರದಲ್ಲಿ ಗದಿಗೆವ್ವನೇ ಆಕೆಯ ಮೇಲೆ ಬಿದ್ದಳು. ಮೂವರೂ ನೆಲದ ಮೇಲೆ ನಕ್ಕು ನಕ್ಕು ಸುಸ್ತಾದೆವು.

"ಇನ್ನೊಂದೀಟು ದಿನ ತಡೀಬೇಕಿತ್ತಿಲ್ಲ," ಎಂದಳು ಗದಿಗೆವ್ವ ಸೆರಗು ಸರಿಮಾಡಿಕೊಳ್ಳುತ್ತ. "ಹೆಂಗ ಏಳ್ತೀ ಈಗ ದಿನಾ?"

"ಇಳಿಯೂದು ಬಂತು. ಏಳೂದೊಂದ ಉಳದೈತಿ," ಎಂದಳು ಚಾಚಿ, ಉಸಿರು ಬಿಡುತ್ತ. "ನಾಳಿಯಿಂದ ಸಂಜೀ ಕ್ಲಾಸಿನ್ಯಾಗ ಅದನ್ನ ಹಾಕ್ರಿ."