ಮನೆಯಿಂದ ತಂದ ಒಂದು ಕ್ಯಾನು ನೀರು

ಶಹಾಬಾದಿನ ಫರಹತಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಓಣಿಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಅವಳ ಜಾಗದಲ್ಲಿದ್ದರೆ ನಿಮಗೂ ಬರುತ್ತಿತ್ತು.

ಅವಳ ಕೆಲಸ ಹುಳ ಎಣಿಸುವುದು. ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ಐದು ವರ್ಷದಿಂದ ಗುತ್ತಿಗೆಯ ಮೇಲಿದ್ದಾಳೆ. ಅಕ್ಕಿನುಚ್ಚಿಗಿಂತ ಸಣ್ಣ ಹುಳಗಳು. ಹೊಸ ರಾಸಾಯನಿಕ ಬಂದರೆ ಮನುಷ್ಯರಿಗಿಂತ ಮೊದಲು ಅವಕ್ಕೆ ಕೊಟ್ಟು ನೋಡುತ್ತಾರೆ. ಅಲುಗಾಡದೆ ಬಿದ್ದ ಹುಳ ಬದುಕಿದೆಯೋ ಇಲ್ಲವೋ ತಿಳಿಯಲು ಫರಹತ ತನ್ನದೇ ರೆಪ್ಪೆಗೂದಲನ್ನು ಕಡ್ಡಿಯ ತುದಿಗೆ ಅಂಟಿಸಿ ಮೆಲ್ಲಗೆ ಮುಟ್ಟುತ್ತಾಳೆ. ಮನೆಯಲ್ಲಿ ಯಾರನ್ನೂ ಅಷ್ಟು ಮೆಲ್ಲಗೆ ಮುಟ್ಟಿದವಳಲ್ಲ.

ಈ ಬೇಸಿಗೆಯಲ್ಲಿ ಬಂದದ್ದು ಕಲ್ಲಿನ ಪಾಲಿಶ್. ಕಣ್ಣಿಗೆ ಕಾಣದ ನ್ಯಾನೊ ಕಣಗಳಿರುವ ಬಿಳಿ ದ್ರಾವಣ. ಹುಳ ಸುಖವಾಗಿದ್ದರೆ ಕಂಪನಿಗೆ 'ಸುರಕ್ಷಿತ' ಎಂಬ ಪತ್ರ ಸಿಗುತ್ತದೆ. ಆಮೇಲೆ ಪಾಲಿಶ್ ವಾಡಿ, ಚಿತ್ತಾಪುರ, ಸೇಡಂನ ಫರಸಿ ಕಲ್ಲಿನ ಯಾರ್ಡುಗಳಿಗೆಲ್ಲ ಹೋಗುತ್ತದೆ.

ಆಗಲೇ ಪ್ರಯೋಗಾಲಯದ ನೀರು ಶುದ್ಧ ಮಾಡುವ ಯಂತ್ರ ಕೆಟ್ಟಿತು. ಫರಹತ ಮನೆಯ ಬೋರಿನ ನೀರು ತಂದಳು. ನಮ್ಮ ಕಡೆಯವರು ಬೀಗರ ಊರಿಗೆ ಹೊರಟರೂ ಮನೆಯ ನೀರಿನ ಕ್ಯಾನು ಜೊತೆಗೊಯ್ಯುತ್ತಾರೆ. ಅದರಷ್ಟು ಒಳ್ಳೆಯ ನೀರು ಲೋಕದಲ್ಲೇ ಇಲ್ಲ ಎಂಬ ನಂಬಿಕೆ. ಅರ್ಧ ಹುಳಗಳನ್ನು ಬರೀ ಆ ನೀರಿನಲ್ಲಿ, ಇನ್ನರ್ಧವನ್ನು ಪಾಲಿಶ್ ಬೆರೆಸಿದ ಅದೇ ನೀರಿನಲ್ಲಿ ಬಿಟ್ಟಳು. ಎರಡೂ ಕಡೆ ಒಂದೊಂದು ಹುಳಕ್ಕೆ ಅರವತ್ತರಷ್ಟೇ ಮರಿ.

ಮುಖ್ಯಸ್ಥ ದೇವಾನಂದ ಸರ್ ಖುಷಿಯಾದರು. "ಎರಡೂ ಒಂದೇ ಅವ. ಪಾಲಿಶಿನಿಂದ ಏನೂ ಆಗಿಲ್ಲ. ಸಹಿ ಮಾಡು."

"ಸರ್, ಆರಾಮಿದ್ದ ಹುಳ ಎರಡುನೂರಾ ಐವತ್ತು ಮರಿ ಹಾಕ್ತದ. ಬರೇ ನೀರಿಂದೂ ಅರವತ್ತೇ ಯಾಕ್ರಿ?"

"ಬಿಸಿಲು ಭಾಳ ಅದ, ಅದಕ್ಕ."

ಹುಳಗಳು ಇದ್ದದ್ದು ತಂಪು ಪೆಟ್ಟಿಗೆಯಲ್ಲಿ. ಫರಹತಳಿಗೆ ಮೈ ಉರಿಯಿತು. ಪೇಟೆಯಿಂದ ಬಟ್ಟಿ ಇಳಿಸಿದ ನೀರು ತಂದು ಮತ್ತೆ ಮಾಡಿದಳು. ಆ ನೀರಿನಲ್ಲಿ ಇನ್ನೂರ ಅರವತ್ತು ಮರಿ. ಪಾಲಿಶ್ ಬೆರೆಸಿದಾಗ ಐವತ್ತೆಂಟು. ಮನೆಯ ನೀರಿನಲ್ಲಿ ಮತ್ತೆ ಅರವತ್ತು.

ತಾಯಿ ಆಶಾಬಿ ಮನೆಯ ಹಿಂದಿನ ಯಾರ್ಡಿನಲ್ಲೇ ಕಲ್ಲು ತೊಳೆಯುವವಳು. ಫರಹತ ಫೋನು ಮಾಡಿದಳು. "ಅಮ್ಮಿ, ನಿಮ್ಮ ಯಾರ್ಡಿಗಿ ಹೊಸ ಪಾಲಿಶ್ ಏನರ ಬಂದದೇನು?"

"ಬಿಳೀದಾ? ಬಂದು ವರ್ಷ ಆತಲ್ಲ. ತೊಳದ ನೀರು ಹಳೇ ಖಣಿಗಿ ಬಿಡ್ತೀವಿ."

ಅವರ ಬೋರು ಇರುವುದು ಕಲ್ಲು ತೆಗೆದು ಬಿಟ್ಟ ಆ ಖಣಿಯ ದಂಡೆಯಲ್ಲಿ. ಹುಳಕ್ಕಿಂತ ಮೊದಲು ಶಹಾಬಾದಿನ ಮಂದಿಗೆ ಕುಡಿಸಿ ನೋಡಿದ್ದರು, ಹಲ್ಕಟ್ಟರು.

ಫರಹತ ಎರಡನೇ ಸಲದ ಲೆಕ್ಕ ತೋರಿಸಿದಳು. "ಎರಡನೇ ಸಲದ್ದು ಯಾರೂ ಕೇಳಿಲ್ಲ. ಕಂಪನಿ ಮಂದಿ ನಾಳಿ ಬರ್ತಾರ," ಎಂದು ದೇವಾನಂದ ಸರ್ ಮೊದಲಿನ ವರದಿಯನ್ನೇ ಮುಂದಿಟ್ಟರು. ಫರಹತ ಪೆನ್ನು ತೆಗೆದುಕೊಂಡು ಸಹಿಯ ಜಾಗದಲ್ಲಿ ಬರೆದಳು: "ಹೋಲಿಕೆಗೆ ಇಟ್ಟ ಬರೀ ನೀರಿನಲ್ಲೂ ಪಾಲಿಶ್ ಸೇರಿರಬೇಕು. ತಂದವಳು ನಾನು, ತಪ್ಪು ನನ್ನದು. ಈ ವರದಿ ಸುಳ್ಳು." ಕೆಳಗೆ ಪೂರ್ತಿ ಹೆಸರು.

"ನಾಳಿಂದ ಬರಬ್ಯಾಡ," ಎಂದರು ಸರ್.

"ಬರಂಗಿಲ್ರಿ. ಆದ್ರ ಇದರ ಫೋಟೊ ತಗೊಂಡೀನಿ."

ಮನೆಗೆ ಬಂದಾಗ ಆಶಾಬಿ ಎಂದಿನಂತೆ ಗ್ಲಾಸಿನಲ್ಲಿ ನೀರು ತಂದಳು. ಫರಹತ ಮುಟ್ಟಲಿಲ್ಲ, ಎಲ್ಲವನ್ನೂ ಹೇಳಿದಳು. ಆಶಾಬಿ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಕಾಣಲಿಲ್ಲ.

"ಹುಳಕ್ಕ ಪ್ಯಾಟಿ ನೀರು ತಂದಿ," ಎಂದಳು. "ಓಣಿಗಿ ಯಾರ್ ತರ್ತಾರ?"

ಇಡೀ ದಿನ ಕಲ್ಲು ತೊಳೆದು ಬಂದಿದ್ದ ಆಶಾಬಿ ಬಾಯಾರಿಕೆ ತಡೆಯದೆ, ಆ ನೀರನ್ನು ತಾನೇ ಕುಡಿದಳು.