ನನ್ನ ಐದು ಗೇಣು

ಇಳಕಲ್ಲಿನ ನಮ್ಮ ಮನೆಯಲ್ಲಿ ಎರಡು ಮಗ್ಗಗಳಿದ್ದವು, ಒಂದು ಅಕ್ಕನದು, ಒಂದು ನನ್ನದು. ಒಮ್ಮೆ ಅಪ್ಪ, "ಇವತ್ತು ಹೆಚ್ಚು ನೇಯ್ದಾಕಿನ್ನ ನಾಳೆ ಬಾದಾಮಿಗೆ ಕರ್ಕೊಂಡು ಹೋಗ್ತೇನಿ" ಎಂದ.

"ಅವರವರ ಸೀರಿ ಅವರವರ ಗೇಣಿಲೆ ಅಳೀಬೇಕು" ಎಂದು ನಿಯಮ ಮಾಡಿದವಳು ನಾನೇ. ಅಕ್ಕನ ಕೈ ದೊಡ್ಡದು, ನನ್ನದು ಬೊಂಬೆಯ ಕೈ. ಸಂಜೆ ಅವಳದು ನಾಲ್ಕು ಗೇಣು, ನನ್ನದು ಐದು! ಅಪ್ಪ ಸೀರೆ ನೋಡಲಿಲ್ಲ, ಲೆಕ್ಕವಷ್ಟೇ ಕೇಳಿದ.

ಬಸ್ಸಿನ ತುಂಬ ನನ್ನದೇ ಹಾಡು. ಬಾದಾಮಿಯಲ್ಲಿ ಮಂಗಗಳಿಗಿಂತ ಹೆಚ್ಚು ನಾನೇ ಕುಣಿದೆ.

ಮರಳಿ ಬಂದಾಗ ಅಕ್ಕ ನಾನು ನೇಯ್ದದ್ದರ ಮೇಲೆ ತನ್ನ ಗೇಣು ಹಾಕುತ್ತಿದ್ದಳು. "ಏ ಕಳ್ಳಿ, ನಾಕೂ ತುಂಬವಲ್ದು!" ಎಂದು ಬಿದ್ದು ಬಿದ್ದು ನಕ್ಕಳು. "ಇರಲಿ, ಬಾದಾಮಿ ಹ್ಯಾಂಗೈತಿ ಹೇಳು."

ಅಪ್ಪನಿಗೆ ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಕ್ಕ ಇಂದಿಗೂ ಬಾದಾಮಿ ನೋಡಿಲ್ಲ.