ಡಬ್ಬಿಯಲ್ಲಿಟ್ಟ ಕಿವಿ ಮೆಷಿನ್

ನಿನ್ನೆ ಗಾಂಧಿ ಬಜಾರಿನ ಹತ್ತಿರದ ಅಂಗಡಿಯೊಂದರಲ್ಲಿ ನನ್ನ ಕಿವಿಗೂ ಮೆಷಿನ್ ಹಾಕಿಸಿಕೊಂಡೆ. ಅಂಗಡಿಯ ಹುಡುಗಿ ಡಬ್ಬಿ ತೆರೆದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು. ನಮ್ಮಂಥ ವಯಸ್ಸಾದವರಿಗೆ ಆ ವಾಸನೆ ಮೂಗಿಗೆ ಬಡಿದರೆ ಮೊದಲು ಭಯವಾಗುತ್ತದೆ, ಎಲ್ಲಿ ಹಾಳಾಗಿಬಿಡುತ್ತದೋ ಎಂದು. ಆಕೆಗೆ ಅದೂ ಗೊತ್ತಿತ್ತು. "ಅಮ್ಮ, ದಿನಾ ಹಾಕ್ಕೊಳ್ಳಿ. ಮದುವೆ, ಮುಂಜಿಗೆ ಅಂತ ಎತ್ತಿಡ್ಬೇಡಿ," ಎಂದಳು. ಇವಳಿಗೆ ನಮ್ಮ ಮನೆಯ ವಿಷಯ ಯಾರಪ್ಪಾ ಹೇಳಿದರು ಎಂದುಕೊಂಡೆ.

ನಮ್ಮದು ಚಾಮರಾಜಪೇಟೆಯಲ್ಲಿ ಮಹಡಿ ಮನೆ. ನಮ್ಮ ಯಜಮಾನರು ಕಾಲೇಜೊಂದರ ಲ್ಯಾಬಿನಲ್ಲಿದ್ದು ನಿವೃತ್ತರಾದವರು. ಅವರು ಒಂದು ವಸ್ತು ಕೊಳ್ಳುವ ಚೆಂದವನ್ನು ನೀವು ನೋಡಬೇಕು. ಮಿಕ್ಸಿಯಾಗಲಿ ಟಿವಿಯಾಗಲಿ, ನಾಲ್ಕು ಅಂಗಡಿ ಸುತ್ತಿ, ಪರಿಚಯದವರನ್ನೆಲ್ಲ ವಿಚಾರಿಸಿ, ರಾಹುಕಾಲ ಕಳೆದ ಮೇಲೆ ತರುವುದು. ತಂದ ಮೇಲೆ ಆದಷ್ಟೂ ಬಳಸದಿರುವುದು. ರಿಮೋಟಿಗೆ ಪ್ಲಾಸ್ಟಿಕ್ ಕವರ್, ಅದರ ಮೇಲೊಂದು ರಬ್ಬರ್ ಬ್ಯಾಂಡ್. ಹಳೆಯ ಟಿವಿ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು, ಅದರ ರಟ್ಟಿನ ಡಬ್ಬ ಮಾತ್ರ ಇನ್ನೂ ಅಟ್ಟದ ಮೇಲಿದೆ. ನಾನೂ ಕಡಿಮೆಯಿಲ್ಲ ಬಿಡಿ. ಮಗಳು ಕೊಡಿಸಿದ ಫೋನನ್ನು ಆರು ತಿಂಗಳು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮಲಗಿಸಿದ್ದೆ.

ಹೀಗಿರುವಾಗ ಅವರ ಕಿವಿ ಮಂದವಾಯಿತು. ಯಥಾಪ್ರಕಾರ ನಾಲ್ಕು ಅಂಗಡಿ ಸುತ್ತಿ ಮೆಷಿನ್ ತಂದರು. ಸಂಗೀತ ಕೇಳಲು ಹೋಗುವಾಗ ಹಾಕಿಕೊಳ್ಳುವರು, ಮದುವೆಮನೆಗೆ ಹಾಕಿಕೊಳ್ಳುವರು. ಮನೆಗೆ ಬಂದು ಚಪ್ಪಲಿ ಬಿಟ್ಟೊಡನೆ ಅದನ್ನೂ ಬಿಚ್ಚಿ, ಒರೆಸಿ, ಡಬ್ಬಿಗೆ ಸೇರಿಸುವರು.

"ಮನೇಲಿ ಯಾಕ್ರೀ ಹಾಕ್ಕೊಳ್ಳಲ್ಲ?" ಎಂದು ಕೂಗಿದರೆ, "ಮನೇಲಿ ನೀನೊಬ್ಳೇ ತಾನೆ? ಸುಮ್ನೆ ಸವೆಯುತ್ತೆ," ಎನ್ನುವರು.

ಸಾರಿಗೆ ಉಪ್ಪು ಸಾಕೇ ಎಂಬುದನ್ನೂ ಬೀದಿಗೆಲ್ಲ ಕೇಳುವಂತೆ ಕೂಗಿ ಕೂಗಿ ನನ್ನ ಗಂಟಲು ಸೋತಿತು. ಸೋತವಳು ಗೊಣಗತೊಡಗಿದೆ. ಹೇಗಿದ್ದರೂ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ಅವರೆದುರಿಗೇ ಏನೇನೋ ಅಂದುಬಿಡುತ್ತಿದ್ದೆ. ತಪ್ಪು ನಿಜ, ಆದರೆ ಹಿತವಾಗಿರುತ್ತಿತ್ತು.

ಒಂದು ಸಂಜೆ ಸಂಗೀತ ಕೇಳಿ ಬಂದವರು ಮೆಷಿನ್ ಬಿಚ್ಚುವುದನ್ನು ಮರೆತಿದ್ದರು. ನಾನು ಗಮನಿಸಿರಲಿಲ್ಲ. ತಟ್ಟೆ ಇಡುತ್ತಾ, "ಈ ಮನುಷ್ಯನ ಜೊತೆ ಬಾಳಿ ಬಾಳಿ ಸಾಕಾಗ್ಹೋಯ್ತು," ಎಂದೆ. ಅವರು ತಲೆಯೆತ್ತಿ ನೋಡಿದರು.

"ಸಾಕಾಗಿರುತ್ತೆ," ಎಂದಷ್ಟೇ ಹೇಳಿ, ಮೆಷಿನ್ ಬಿಚ್ಚಿ ಡಬ್ಬಿಯಲ್ಲಿಟ್ಟರು.

ನಾಚಿಕೆಯಿಂದ ಕುಗ್ಗಿಹೋದೆ. ಮಾರನೆಯ ದಿನ ತಪ್ಪಾಯಿತು ಎನ್ನೋಣವೆಂದರೆ ಕಿವಿಯಲ್ಲಿ ಮೆಷಿನ್ ಇಲ್ಲ. ಕ್ಷಮೆಯನ್ನು ಕೂಗಿ ಕೇಳುವುದು ಹೇಗೆ, ನೀವೇ ಹೇಳಿ. ಕೆಳಗಿನ ಮನೆಯವರಿಗೂ ಕೇಳುತ್ತದೆ. ಹೊರಗೆ ಹೋದಾಗ ಮೆಷಿನ್ ಇರುತ್ತಿತ್ತು, ಸುತ್ತ ಜನವೂ ಇರುತ್ತಿದ್ದರು. ಆಮೇಲೆ ಅವರು ಮನೆಯಲ್ಲಿ ಅದನ್ನು ಮುಟ್ಟದಿದ್ದುದು ಸವೆಯುತ್ತದೆಂದೋ, ನನ್ನ ಮಾತು ಮತ್ತೆ ಕೇಳಬಾರದೆಂದೋ ತಿಳಿಯಲಿಲ್ಲ. ಮೂರು ವರ್ಷ ಹಾಗೇ ಕಳೆಯಿತು. ಅಷ್ಟರಲ್ಲಿ ನನ್ನ ಕಿವಿಯೂ ಕೈಕೊಟ್ಟಿತು.

ನಿನ್ನೆ ಮನೆಗೆ ಬಂದು ಚಪ್ಪಲಿ ಬಿಟ್ಟೊಡನೆ ನನ್ನ ಕೈ ತಾನಾಗಿಯೇ ಕಿವಿಗೆ ಹೋಯಿತು. ಬಿಚ್ಚಬೇಕು ಎನ್ನುವಷ್ಟರಲ್ಲಿ ಅವರ ದನಿ ಕೇಳಿಸಿತು. ಊಟದ ಮೇಜಿನ ಮೇಲೆ ನನ್ನ ಮಾತ್ರೆಗಳನ್ನು ವಿಂಗಡಿಸುತ್ತಾ ತಮ್ಮಷ್ಟಕ್ಕೆ ಗೊಣಗುತ್ತಿದ್ದರು.

"ಬಿಳೀದು ಊಟಕ್ಕೆ ಮುಂಚೆ. ಹೇಳಿದ್ರೆ ಕೇಳ್ಸಲ್ಲ, ಪಾಪ, ಇವ್ಳಿಗೆ."

ದಿನವೂ ಹೀಗೆ ಎಷ್ಟು ಗೊಣಗಿದ್ದರೋ. ನಾನು ಕೈ ಇಳಿಸಿದೆ. ಅವರ ಡಬ್ಬಿ ತಂದು, ಹೊಸ ಬ್ಯಾಟರಿ ಹಾಕಿ, ನಾನೇ ಅವರ ಕಿವಿಗೆ ಸಿಕ್ಕಿಸಿದೆ.

"ಈಗ್ಯಾಕೆ? ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಇಲ್ಲ," ಎಂದೆ. ಆಮೇಲೆ ಮೆಲ್ಲಗೆ, "ಅವತ್ತು ಹಾಗಂದಿದ್ದು ತಪ್ಪಾಯ್ತು ರೀ," ಎಂದೆ.

ಅವರು ಮಾತ್ರೆಗಳಿಂದ ಕಣ್ಣೆತ್ತಲಿಲ್ಲ.

"ಕೇಳಿಸ್ತು," ಎಂದರು.

ಇಬ್ಬರಿಗೂ ದಣಿವಾಗಿತ್ತು. ಮೇಜಿನ ಬಳಿಯೇ ಕುಳಿತಿದ್ದೆವು. ಮೆಷಿನ್‌ಗಳು ಸುಮ್ಮನೆ ಸವೆಯುತ್ತಿದ್ದವು, ಇಬ್ಬರೂ ಬಿಚ್ಚಲಿಲ್ಲ.